ಗೌರಿಯ ಹಗ್ಗ, ಮದ್ರಾಸಿನ ಸಮುದ್ರ

ಕಾರಿನಲ್ಲಿ ದೂರದೂರಿಗೆ ಹೋಗುವುದರಲ್ಲಿ ಇರುವ ಸುಖ ಇನ್ನು ಯಾವುದರಲ್ಲೂ ಇಲ್ಲ. ಕಿಟಕಿ ಇಳಿಸಬೇಕು, ಹಾಡು ಹಾಕಬೇಕು, ಗುರುತಿಲ್ಲದ ಊರಿನಲ್ಲಿ ನಿಲ್ಲಿಸಿ ಟೀ ಕುಡಿಯಬೇಕು, ಗುರುತಿಲ್ಲದ ನಾಯಿಗೆ ಬಿಸ್ಕತ್ತು ಹಾಕಿ ಮುಂದಕ್ಕೆ ಹೋಗುತ್ತಿರಬೇಕು. ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ಈ ವಿಷಯವನ್ನು ನಾನು ಚೆನ್ನಾಗಿ ಅಭ್ಯಾಸ ಮಾಡಿದ್ದೇನೆ. ಅಭ್ಯಾಸ ಅಂದರೆ ಫೋನಿನಲ್ಲಿ ನೋಡಿದ್ದೇನೆ. ಯಾರೂ ಹೇಳಿಕೊಟ್ಟಿದ್ದಲ್ಲ, ಎಲ್ಲ ಸ್ವಂತ ಕಲಿಕೆ. ಹಿಮದ ಮೇಲೆ ಕಾರು ಜಾರಿದರೆ ಸ್ಟೀರಿಂಗು ಯಾವ ಕಡೆ ತಿರುಗಿಸಬೇಕು, ಮರಳುಗಾಡಿನಲ್ಲಿ ಟೈರಿನ ಗಾಳಿ ಎಷ್ಟು ಇಳಿಸಬೇಕು, ಎದುರಿಗೆ ಕರಡಿ ಬಂದರೆ ಹಾರನ್ ಹೊಡೆಯಬೇಕೋ ಬೇಡವೋ, ಎಲ್ಲ ನನಗೆ ಬಾಯಿಪಾಠ. ನಾನಿರುವುದು ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ. ಇಲ್ಲಿ ಹಿಮ ಬೀಳುವುದಿಲ್ಲ, ಮಳೆಯೇ ಯೋಚನೆ ಮಾಡಿ ಬೀಳುತ್ತದೆ. ನಾನು ಕಾರು ಓಡಿಸಿಕೊಂಡು ಹೋದ ಅತಿ ದೂರದ ಊರು ಮಾಲೂರು. ಅದೂ ಒಂದು ಮದುವೆಗೆ, ಪಕ್ಕದ ಸೀಟಿನಲ್ಲಿ ಕೂತ ಅಪ್ಪ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿಯುತ್ತಾ ಬಂದ ಪ್ರಯಾಣ.

ಕಾರೂ ಅಂಥದ್ದೇ. ಯಾರೋ ಓಡಿಸಿ ಸುಸ್ತಾಗಿ ಮಾರಿದ್ದನ್ನು ಅಪ್ಪ ತಂದರು. ನಾನು ಅದನ್ನು ಬೆಟ್ಟ ಹತ್ತಿಸುವ ಕನಸು ಕಾಣುತ್ತಿದ್ದರೆ, ಅಪ್ಪ ಅದರಲ್ಲಿ ಕೋಲಾರದ ಮಾರ್ಕೆಟ್ಟಿಗೆ ಸೊಪ್ಪು ಸಾಗಿಸುತ್ತಿದ್ದರು. ಹಾಗಾಗಿ ಡಿಕ್ಕಿ ತೆರೆದರೆ ಕೊತ್ತಂಬರಿ ಸೊಪ್ಪಿನ ವಾಸನೆ. ನಾನು ಎಷ್ಟು ಸೆಂಟಿನ ಬಾಟಲಿ ನೇತುಹಾಕಿದರೂ ಪ್ರಯೋಜನವಾಗಲಿಲ್ಲ. ಈಗ ಮಲ್ಲಿಗೆ ಒಗ್ಗರಣೆ ಹಾಕಿದ ಸಾರಿನ ಹಾಗೆ ವಾಸನೆ ಬರುತ್ತದೆ.

ಒಂದು ಮಧ್ಯಾಹ್ನ ನಾನು ಹಿಪ್ಪುನೇರಳೆ ಸೊಪ್ಪು ಬಿಡಿಸಬೇಕಾದ ಹೊತ್ತಿನಲ್ಲಿ ಮೊಬೈಲು ನೋಡುತ್ತಾ ಕೂತಿದ್ದೆ. ಯಾರೋ ಒಬ್ಬ ಸಮುದ್ರದ ಪಕ್ಕದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದ. ಅಮ್ಮ ಬೈಯುವುದಕ್ಕೆ ಬಂದವರು ಹಿಂದೆ ನಿಂತು ನೋಡತೊಡಗಿದರು. ಆಮೇಲೆ ಕೇಳಿದರು: "ಅದು ಅಷ್ಟೂ ನೀರೇನಾ?"

ಹೌದು ಅಂದೆ.

"ಸುಮ್ನೆ ಬಿದ್ದಿದೆಯಾ? ಅಷ್ಟು ನೀರಿಟ್ಕೊಂಡು ಅವ್ರು ಏನು ಬೆಳೀತಾರೆ?"

ಉಪ್ಪು ನೀರು, ಏನೂ ಬೆಳೆಯುವುದಿಲ್ಲ ಅಂದಾಗ ಅಮ್ಮನ ಮುಖದಲ್ಲಿ ಒಂದು ಥರ ಸಂಕಟ ಕಂಡಿತು. ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗ ನೀರು ಬರುತ್ತದೋ ಧೂಳು ಬರುತ್ತದೋ ಅಂತ ಇಡೀ ಊರು ಉಸಿರು ಹಿಡಿದು ನಿಂತಿರುತ್ತದೆ. ಅಷ್ಟು ನೀರನ್ನು ಹಾಗೆ ಬಿಟ್ಟಿರುವುದು ಅಮ್ಮನಿಗೆ ಯಾರದೋ ಬೇಜವಾಬ್ದಾರಿಯ ಹಾಗೆ ಕಂಡಿರಬೇಕು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ಒಂದ್ಸಲ ಕಾಲಿಟ್ಟು ಬರ್ಬೇಕು ಕಣೋ ಮಂಜ" ಅಂದರು. ಅಮ್ಮ ನನ್ನನ್ನು ಏನಾದರೂ ಬೇಕು ಅಂತ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಸಾಮಾನ್ಯವಾಗಿ ಹೇಳುತ್ತಾರೆ, ಕೇಳುವುದಿಲ್ಲ. ನನ್ನ ಮೊದಲ ದೊಡ್ಡ ಪ್ರಯಾಣ ಇದೇ ಅಂತ ಆ ಕ್ಷಣವೇ ತೀರ್ಮಾನಿಸಿದೆ. ಮದ್ರಾಸಿನ ಸಮುದ್ರ. ಅದು ಚೆನ್ನೈ ಆಗಿ ಎಷ್ಟೋ ಕಾಲವಾಯಿತು, ಆದರೆ ಆ ಸುದ್ದಿ ನಮ್ಮ ಮನೆಯವರೆಗೆ ಇನ್ನೂ ಬಂದಿಲ್ಲ.

ಅಡ್ಡ ಬಂದದ್ದು ಗೌರಿ. ಗೌರಿ ಅಂದರೆ ನಮ್ಮ ಸೀಮೆಹಸು. ಬೆಳಿಗ್ಗೆ ಸಾಯಂಕಾಲ ಎರಡು ಹೊತ್ತು ಕರೆಯಬೇಕು, ಡೇರಿಗೆ ಹಾಕಬೇಕು. ಅಮ್ಮ ಕೂತರೆ ಮಾತ್ರ ಹಾಲು. ಬೇರೆ ಯಾರು ಕೂತರೂ ಕೆಚ್ಚಲು ಬಿಗಿಹಿಡಿದು, ಗೋಡೆ ನೋಡಿಕೊಂಡು, ಊಟದ ಹೊತ್ತಿನ ಸರ್ಕಾರಿ ಗುಮಾಸ್ತನ ಹಾಗೆ ನಿಲ್ಲುತ್ತದೆ. ಅಪ್ಪ ಹತ್ತಿರ ಹೋದರೆ ಬೀಡಿ ವಾಸನೆಗೆ ಒದೆಯುತ್ತದೆ. ನನ್ನ ತಂಗಿ ಚೈತ್ರಳ ಮೇಲೆ ಅದಕ್ಕೆ ಹಳೇ ದ್ವೇಷ. ಡಾಕ್ಟರು ಸೂಜಿ ಚುಚ್ಚುವಾಗ ಮೂಗುದಾರ ಹಿಡಿದಿದ್ದವಳು ಅವಳು. ಹಾಗಾಗಿ ಅಮ್ಮನ ಪ್ರಪಂಚ ಎಷ್ಟು ದೊಡ್ಡದು ಅಂದರೆ, ಬೆಳಗಿನ ಹಾಲಾದ ಮೇಲೆ ಹೊರಟು ಸಂಜೆಯ ಹಾಲಿನೊಳಗೆ ವಾಪಸ್ ಬರಬಹುದಾದಷ್ಟು. ಶ್ರೀನಿವಾಸಪುರದ ತವರಿನಲ್ಲೂ ಅಮ್ಮ ಮದುವೆಯಾದ ಮೇಲೆ ಒಂದು ರಾತ್ರಿ ಮಲಗಿದವರಲ್ಲ. ಗೌರಿಗೆ ಮೊದಲು ಅದರ ತಾಯಿ ಇತ್ತು, ಅದರ ಬುದ್ಧಿಯೂ ಇದೇ. ಹಗ್ಗ ಇದ್ದದ್ದು ಹಸುವಿನ ಕೊರಳಿನಲ್ಲಿ, ಕಟ್ಟಿದ್ದು ಮಾತ್ರ ಅಮ್ಮನನ್ನು.

ನಾನು ಸೋಲುವವನಲ್ಲ. ಮ್ಯಾಪಿನಲ್ಲಿ ನೋಡಿದೆ. ಬೆಳಗಿನ ಹಾಲು ಡೇರಿಗೆ ಹಾಕಿದ ತಕ್ಷಣ ಹೊರಟರೆ, ಎಲ್ಲೂ ನಿಲ್ಲಿಸದೆ ಹೋದರೆ, ಸಮುದ್ರಕ್ಕೆ ಕಾಲು ಮುಟ್ಟಿಸಿ ಹಾಗೇ ತಿರುಗಿದರೆ, ಸಂಜೆ ಗೌರಿ ಅಂಬಾ ಅನ್ನುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬಹುದು. ಇಂಥ ಪ್ರಯಾಣದಲ್ಲಿ ಸುಖ ಎಲ್ಲಿ ಬಂತು ಅಂತ ಅಪ್ಪ ಕೇಳಿದರು. ವೇಗದಲ್ಲಿ ಅಂದೆ. ಅಪ್ಪ ತಾವು ಬರುವುದಿಲ್ಲ ಅಂದರು.

ಎಲ್ಲ ಸರಿಯಾಗೇ ಇತ್ತು, ನಾನು ಒಂದು ತಪ್ಪು ಮಾಡದಿದ್ದರೆ. ಹಿಂದಿನ ದಿನ ಕಾರಿನ ಮುಂದೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡು, ಸುಗಟೂರು ಟು ಮದ್ರಾಸ್, ವಯಾ ಮುಳಬಾಗಿಲು ಅಂತ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಈ ವಯಾ ಅನ್ನುವುದನ್ನು ಬೇರೆ ಕಡೆಯವರು ದಾರಿ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಅದು ನೆಂಟರಿಗೆ ಕಳಿಸಿದ ಒಪ್ಪಿಗೆ ಪತ್ರ.

ಮಾರನೆಯ ದಿನ ಕೋಲಾರ ದಾಟಿದೆವು. ಅಮ್ಮ ಮುಂದೆ, ಚೈತ್ರ ಹಿಂದೆ. ಅಮ್ಮ ಕಿಟಕಿ ಪೂರ್ತಿ ಇಳಿಸಿ, ದಾರಿಯಲ್ಲಿ ಕಂಡ ಟೊಮೆಟೊ ತೋಟಗಳಿಗೆಲ್ಲ ಮಾರ್ಕು ಕೊಡುತ್ತಾ ಬಂದರು. ಒಂದಕ್ಕೆ ಗೊಬ್ಬರ ಸಾಲದು, ಇನ್ನೊಂದಕ್ಕೆ ಕಡ್ಡಿ ಕಟ್ಟಿದವನು ಸೋಮಾರಿ. ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ಮನೆಯಲ್ಲಿ ಕೇಳಿಲ್ಲ. ದೇವರಾಯಸಮುದ್ರ ಹತ್ತಿರ ಬಂತು. ಹೈವೇ ಪಕ್ಕದಲ್ಲಿ ಒಂದು ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಅಡ್ಡ ಹಿಡಿದು, ಚೆಕ್‌ಪೋಸ್ಟಿನ ಹಾಗೆ ನಿಂತಿತ್ತು. ನಮ್ಮ ಸರೋಜತ್ತೆ, ಅಪ್ಪನ ತಂಗಿ. ಅತ್ತೆಗೆ ಕೋಪ ಬಂದರೆ ತೆಲುಗು ಬರುತ್ತದೆ.

"ಏಮ್ರಾ ಮಂಜ, ಮಾ ಇಂಟಿಕಿ ರಾಕುಂಡಾನೇ ಪೋತಾವಾ?" ಅಂದರು. ನಮ್ಮ ಮನೆಗೆ ಬರದೇ ಹೋಗ್ತೀಯಾ ಅಂತ. ಆಮೇಲೆ ಅಮ್ಮನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಅತ್ತಿಗೆ, ಸಮುದ್ರ ನೋಡ್ಬೇಕಾದ್ರೆ ನಮ್ಮೂರ ಕೆರೆ ನೋಡ್ಕೊಂಡು ಹೋಗಿ. ಹೆಸರಲ್ಲಾದ್ರೂ ಇದೆಯಲ್ಲ ಸಮುದ್ರ."

ಐದು ನಿಮಿಷ ಅಂತ ಇಳಿದೆವು. ನೆಂಟರ ಮನೆಯಲ್ಲಿ ಐದು ನಿಮಿಷ ಅನ್ನುವುದು ಚಪ್ಪಲಿ ಬಿಡುವುದಕ್ಕೇ ಸಾಲುವುದಿಲ್ಲ. ಅತ್ತೆ ಆಗಲೇ ಮುದ್ದೆ ಕಟ್ಟಿ, ಬಸ್ಸಾರು ಮಾಡಿಟ್ಟಿದ್ದರು. ಮುದ್ದೆ ತಿಂದು ಸ್ಟೀರಿಂಗು ಹಿಡಿಯಬಾರದು ಅಂತ ನಾನು ನೋಡಿದ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಊಟದ ಮಧ್ಯೆ ಗೌರಿಯ ಮಾತು ಬಂತು. ಅತ್ತೆ ನಕ್ಕುಬಿಟ್ಟರು.

"ಅದಕ್ಕೇನ್ಲಾ ಇಷ್ಟು ಒದ್ದಾಟ? ಅತ್ತಿಗೆ ಸೀರೆ ಯಾರಾದ್ರೂ ಸುತ್ಕೊಂಡು ಕೂತ್ರಾಯ್ತು. ಹಸು ಮುಖ ನೋಡಲ್ಲ, ಸೀರೆ ನೋಡುತ್ತೆ. ನಾನು ಬಾಣಂತಿತನಕ್ಕೆ ಹೋದಾಗೆಲ್ಲ ಇವ್ರೇ ತಾನೆ ಕರೀತಿದ್ದಿದ್ದು, ನನ್ನ ಸೀರೆ ಸುತ್ಕೊಂಡು."

ಎದುರಿಗೆ ಕೂತಿದ್ದ ಮಾವ, ಹೋಬಳಿಯಲ್ಲೆಲ್ಲ ಮೀಸೆಗೆ ಹೆಸರಾದವರು, ತಟ್ಟೆಯ ಮುದ್ದೆಯನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು.

ಅಲ್ಲಿಂದ ಅರಿಶಿನ ಕುಂಕುಮ, ರವಿಕೆ ಬಟ್ಟೆ, ಒಂದು ಕ್ರೇಟು ಮಾವಿನಹಣ್ಣು ತಗೊಂಡು ಹೊರಡುವಷ್ಟರಲ್ಲಿ ಬೈರಕೂರಿನ ದೊಡ್ಡಮ್ಮನ ಫೋನು. ದೇವರಾಯಸಮುದ್ರದಲ್ಲಿ ಉಂಡ ಸುದ್ದಿ ನಮಗಿಂತ ಮುಂಚೆ ಹೋಗಿ ತಲುಪಿತ್ತು. ಬೈರಕೂರು ನಮ್ಮ ದಾರಿಯಲ್ಲೇ ಇಲ್ಲ, ಹೈವೇ ಬಿಟ್ಟು ಒಳಗೆ ಹೋಗಬೇಕು. ಅದನ್ನು ಹೇಳಿದೆ. ನಾದಿನಿ ಮನೆ ದಾರಿಯಲ್ಲಿ ಸಿಗುತ್ತೆ, ಒಡಹುಟ್ಟಿದ ಅಕ್ಕನ ಮನೆ ಸಿಗಲ್ಲ ಅಲ್ವಾ ಅಂತ ಕೇಳಿ ದೊಡ್ಡಮ್ಮ ಫೋನು ಇಟ್ಟರು. ಅಮ್ಮ ನನ್ನ ಮುಖ ನೋಡಿದರು. ನಾನು ಇಂಡಿಕೇಟರು ಹಾಕಿದೆ. ಅಲ್ಲಿ ಮತ್ತೆ ಊಟ, ಮತ್ತೆ ಕುಂಕುಮ, ಮತ್ತೊಂದು ಕ್ರೇಟು. ಮಾವಿನ ಸೀಮೆಯಲ್ಲಿ ಮನೆಮನೆಗೂ ಮಾವಿನಹಣ್ಣು ಕೊಟ್ಟು ಕಳಿಸುವ ನಮ್ಮ ಜನದ ಔದಾರ್ಯಕ್ಕೆ ಏನು ಹೇಳೋಣ. ಇವರಿಗೇ ಯಾವಾಗಲಾದರೂ ಕಳಿಸೋಣ ಅಂತ ನಾವೇ ಎತ್ತಿಟ್ಟ ಒಂದು ಕ್ರೇಟು ಮನೆಯಲ್ಲಿ ಹಾಗೇ ಕೂತಿತ್ತು.

ಮತ್ತೆ ಹೈವೇಗೆ ಬಂದು ನಂಗಲಿ ದಾಟಿ ಆಂಧ್ರದ ಬೋರ್ಡು ಕಾಣುವಷ್ಟರಲ್ಲಿ, ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಸೂರ್ಯನನ್ನು ನೋಡಿದರು. ಹಾಡು ನಿಲ್ಲಿಸಿದರು.

"ತಿರುಗಿಸು ಮಂಜ. ಗೌರಿ ಕಾಯ್ತಿರುತ್ತೆ."

ಇನ್ನು ಸ್ವಲ್ಪ ಅಮ್ಮ, ಒಂದು ಹೊತ್ತು ತಪ್ಪಿದರೆ ಏನಾಗುತ್ತೆ ಅಂದೆ. ಕೆಚ್ಚಲು ಕಟ್ಟಿದರೆ ಹಸುವಿಗೆ ಎಷ್ಟು ನೋವಾಗುತ್ತೆ ಗೊತ್ತಾ ನಿನಗೆ ಅಂತ ಕೇಳಿದರು. ಆಂಧ್ರದ ಬೋರ್ಡಿನ ಕೆಳಗೆ ಕಾರು ತಿರುಗಿಸಿದೆ. ವಾಪಸ್ ಬರುವಾಗ ಅಮ್ಮ ಟೊಮೆಟೊ ತೋಟಗಳಿಗೆ ಮಾರ್ಕು ಕೊಡಲಿಲ್ಲ. ಆದರೆ ಸುಗಟೂರು ಹತ್ತಿರ ಬಂದಾಗ, ಚೆನ್ನಾಗಿತ್ತು ಕಣೋ, ಗಾಳಿ ಚೆನ್ನಾಗಿತ್ತು ಅಂದರು. ಅದನ್ನು ಕೇಳಿ ನನಗೆ ಇನ್ನೂ ಬೇಜಾರಾಯಿತು. ಬೈದಿದ್ದರೆ ಪರವಾಗಿರಲಿಲ್ಲ.

ಅತ್ತೆಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಯಾರಾದರೂ ಸೀರೆ ಉಟ್ಟರಾಯಿತು. ಆದರೆ ಯಾರು? ಚೈತ್ರ ಅಮ್ಮನ ಸೀರೆ ಉಟ್ಟು ಹೋದಳು. ಗೌರಿ ಮೂಸಿ ನೋಡಿ, ಸೂಜಿಯನ್ನು ನೆನೆದು, ಕೊಂಬು ತಿರುಗಿಸಿತು. ಅಪ್ಪನ ಕಡೆ ನೋಡಿದೆವು. ಅಪ್ಪ ತಮ್ಮ ಪಂಚೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಈ ಜನ್ಮದಲ್ಲಿ ಆಗದು ಅಂದರು. ಹೋಗಲಿ, ಉಟ್ಟರೂ ಬೀಡಿ ವಾಸನೆಯನ್ನು ಯಾವ ಸೀರೆ ಮುಚ್ಚುತ್ತದೆ? ಕೊನೆಗೆ ಮೂವರೂ ನನ್ನನ್ನೇ ನೋಡಿದರು.

ಡ್ರೈವರು ಯಾರು ಅಂತ ಕೇಳಿದೆ. ನಾನು ಅಂದಳು ಚೈತ್ರ. ಅವಳಿಗೆ ಕಾರು ಕಲಿಸಿದವನು ನಾನೇ. ಸ್ವಂತ ಗುಂಡಿಯನ್ನು ಹೀಗೆ ಸ್ವಂತ ಕೈಯಿಂದ ತೋಡಿಕೊಂಡವರು ಕಡಿಮೆ.

ಸೀರೆ ಉಡುವುದನ್ನೂ ನಾನು ಫೋನಿನಲ್ಲಿ ನೋಡಿಯೇ ಕಲಿತೆ. ಪ್ಯಾಂಟಿನ ಮೇಲೆ ಅಮ್ಮನ ಮಾಸಲು ಹಸಿರು ಸೀರೆ, ತಲೆ ಮೇಲೆ ಸೆರಗು, ಕೈಗೆ ಚೈತ್ರಳ ಗಾಜಿನ ಬಳೆ. ಬಳೆಯ ಸದ್ದು ಮುಖ್ಯ ಅಂತ ಮಾವ ಫೋನಿನಲ್ಲಿ ಗುಟ್ಟಾಗಿ ಹೇಳಿದ್ದರು. ಮೊದಲ ಸಂಜೆ ಗೌರಿ ಒಂದು ಸಲ ಹಿಂದೆ ತಿರುಗಿ ನೋಡಿತು. ನನ್ನ ಕಾಲು ನೋಡಿತು. ಹಾಲು ಬಿಡಲಿಲ್ಲ. ಎರಡನೆಯ ದಿನ ಅಮ್ಮ ಬೈಯುವ ಧಾಟಿಯಲ್ಲೇ ನಾನೂ ಬೈದೆ: "ನಿಂತ್ಕೊಳ್ಳೇ ನೆಟ್ಟಗೆ, ಬಿಂಕ ಮಾಡ್ಬೇಡ." ಗೌರಿ ದೊಡ್ಡದಾಗಿ ಉಸಿರು ಬಿಟ್ಟು ನೆಟ್ಟಗೆ ನಿಂತಿತು. ಬಕೆಟ್ಟಿಗೆ ಹಾಲಿನ ಸದ್ದು ಬಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಅಮ್ಮ ನಿಂತಿದ್ದರು. ನಗಲಿಲ್ಲ. ಒಳಗೆ ಹೋಗಿ ಬ್ಯಾಗು ತುಂಬತೊಡಗಿದರು.

ಅವಸರವಿಲ್ಲದ ಪ್ರಯಾಣ ಅಂತ ಈ ಸಲ ಅಪ್ಪನೂ ಸೇರಿ ಮೂವರೂ ಹೊರಟರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ: ಟೈರಿನ ಗಾಳಿ, ಕನ್ನಡಿ, ಕ್ಲಚ್ಚು. ಮುಖ್ಯವಾಗಿ, ಯಾರೂ ಸ್ಟೇಟಸ್ಸಿಗೆ ಏನೂ ಹಾಕಬೇಡಿ, ದೇವರಾಯಸಮುದ್ರದ ಹತ್ತಿರ ಎಲ್ಲರೂ ತಲೆ ಬಗ್ಗಿಸಿಕೊಳ್ಳಿ. ಚೈತ್ರ ತಾನು ಹೇಗೆ ತಲೆ ಬಗ್ಗಿಸುವುದು ಅಂತ ಕೇಳಿ ಗೇರು ಹಾಕಿದಳು.

ಸಂಜೆ ನಾನು ಸೀರೆಯಲ್ಲಿ, ಗೌರಿಯ ಪಕ್ಕದಲ್ಲಿ ಕೂತಿರುವಾಗ ವಿಡಿಯೋ ಕಾಲ್ ಬಂತು. ಪರದೆಯ ತುಂಬಾ ನೀರು. ಮಂಡಿಯುದ್ದದ ಅಲೆಯಲ್ಲಿ ಅಮ್ಮ, ಸೀರೆ ಎತ್ತಿ ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ಹಿಂದೆ ಮುಂದೆ ಓಡುತ್ತಿದ್ದರು. ಅಪ್ಪ ದೂರದಲ್ಲಿ ನಿಂತು ಅಲೆಗೂ ಸ್ಲೋ ಅನ್ನುತ್ತಿದ್ದರು. ಚೈತ್ರ ಫೋನು ಅಮ್ಮನ ಕೈಗೆ ಕೊಟ್ಟಳು. ಹೇಗಿದೆಯಮ್ಮ ಸಮುದ್ರ ಅಂದೆ. ಅಮ್ಮ ಏದುಸಿರು ಬಿಡುತ್ತಾ ನನ್ನನ್ನೂ ನನ್ನ ಹಿಂದಿನ ಗೌರಿಯನ್ನೂ ಕಣ್ಣು ಕಿರಿದು ಮಾಡಿ ನೋಡಿದರು.

"ಬೂಸಾ ಹಾಕಿದ್ಯಾ?"

ಹಾಕಿದೆ ಅಂದೆ. ಸರಿ ಹಾಗಾದ್ರೆ ಅಂತ ಫೋನು ಚೈತ್ರಳಿಗೆ ಕೊಟ್ಟು ಮತ್ತೆ ನೀರಿನ ಕಡೆಗೆ ಓಡಿದರು. ಆ ರಾತ್ರಿ ಅವರು ಅಲ್ಲೇ ಉಳಿದರು.

ಬರುವಾಗ ಅಮ್ಮ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತಂದಿದ್ದರು. ಇಳಿದವರೇ ಕೊಟ್ಟಿಗೆಗೆ ಹೋಗಿ, ತೀರ್ಥದ ಹಾಗೆ ಗೌರಿಯ ತಲೆ ಮೇಲೆ, ಮೂತಿ ಮೇಲೆ ಚಿಮುಕಿಸಿದರು. ಗೌರಿ ನಾಲಿಗೆ ಚಾಚಿ ನೆಕ್ಕಿತು. ಉಪ್ಪು ಅಂದರೆ ಅದಕ್ಕೆ ಪ್ರಾಣ. ಅಮ್ಮನ ಅಂಗೈ, ಮುಂಗೈ, ಕೊನೆಗೆ ಖಾಲಿ ಬಾಟಲಿಯನ್ನೂ ಬಿಡಲಿಲ್ಲ. ಹೀಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮುದ್ರದ ದರ್ಶನವಾಯಿತು, ಹಸುವಿಗೆ ರುಚಿಯೂ ಸಿಕ್ಕಿತು. ಏನೂ ಸಿಗದೆ ಉಳಿದವನು ಮನೆಯ ಪ್ರಯಾಣ ತಜ್ಞ ಒಬ್ಬನೇ.

ಹೋಗಲಿ, ಮುಂದಿನ ಸಲ ನನ್ನ ಸರದಿ ಅಂದುಕೊಂಡಿದ್ದೆ. ಆದರೆ ಆ ಸಂಜೆ ಅಮ್ಮ ಕರೆಯಲು ಕೂತರೆ, ಗೌರಿ ಕೆಚ್ಚಲು ಬಿಗಿಹಿಡಿದು ಬಾಗಿಲ ಕಡೆ ನೋಡುತ್ತಾ ನಿಂತಿತು. ಅಮ್ಮ ಉಟ್ಟಿದ್ದು ಮದ್ರಾಸಿನಲ್ಲಿ ಕೊಂಡ ಹೊಸ ಸೀರೆ. ಹಳೇ ಹಸಿರು ಸೀರೆಯನ್ನೇ ಉಟ್ಟುಕೋ ಅಮ್ಮ, ಎಲ್ಲ ಸರಿಹೋಗುತ್ತೆ ಅಂದೆ. ಅಮ್ಮ ಹೊಸ ಸೀರೆಯ ಸೆರಗನ್ನು ಒಂದು ಸಲ ನೇವರಿಸಿದರು.

"ಬೇಡ ಬಿಡೋ, ಅದು ನಿನಗೇ ಚೆನ್ನಾಗಿ ಒಪ್ಪುತ್ತೆ" ಅಂದರು. "ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಇದೆಯಂತಲ್ಲ, ಎಷ್ಟು ದೂರ ಆಗುತ್ತೆ ಒಂಚೂರು ಮೊಬೈಲಲ್ಲಿ ನೋಡು."

ನೋಡಿ ಹೇಳಿದೆ. ಎಲ್ಲಿ ಟೀ ಚೆನ್ನಾಗಿರುತ್ತದೆ, ಎಲ್ಲಿ ರಸ್ತೆ ಕೆಟ್ಟಿದೆ ಅನ್ನುವುದನ್ನೂ ಹೇಳಿದೆ. ಆಮೇಲೆ ಬಳೆ ಹಾಕಿಕೊಂಡು, ನೆರಿಗೆ ಸರಿಮಾಡಿಕೊಂಡು, ಬಕೆಟ್ಟು ಎತ್ತಿಕೊಂಡೆ.