ಅಜ್ಜಿ ಕಾಶಿಯಲ್ಲಿ ಬಿಟ್ಟ ಬೂತಾಯಿ

ಉಡುಪಿಯ ಕೃಷ್ಣನಿಗೂ ಕಾಪುವಿನ ಅಮ್ಮನಿಗೂ ಅಡ್ಡಬಿದ್ದು ಶುರು ಮಾಡುತ್ತೇನೆ. ದೇವರ ಹೆಸರಿನಲ್ಲಿ ದೇವರನ್ನೇ ಯಾಮಾರಿಸುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರನ್ನು ಹಿಡಿದುಹಾಕುವ ಅಜ್ಜಿ ಮಾತ್ರ ಎಲ್ಲರಿಗೂ ಸಿಗುವುದಿಲ್ಲ. ನಮ್ಮಜ್ಜಿ ಕಾಪು ಕಡಲ ಬದಿಯವರು. ಮೀನು ಮಾರಿ ಐದು ಮಕ್ಕಳನ್ನು ಸಾಕಿ, ಎಪ್ಪತ್ತರ ದಶಕದಲ್ಲಿ ದೇಶವಿಡೀ ಯಾತ್ರೆ ಮಾಡಿದರು. ಜೊತೆಗೆ ಯಾವಾಗಲೂ ಅವರ ತಮ್ಮ. ನಾವು ಕಾರ್ಕಳಜ್ಜ ಎನ್ನುತ್ತಿದ್ದೆವು.

ಕಾಶಿಯಲ್ಲಿ

ಕಾಶಿಗೆ ಹೋದವರು ತಮಗೆ ತುಂಬ ಇಷ್ಟದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. ಮತ್ತೆ ಸಾಯುವವರೆಗೆ ಮುಟ್ಟುವ ಹಾಗಿಲ್ಲ. ಅಜ್ಜಿ ಸೊಂಟದವರೆಗೆ ನೀರಿನಲ್ಲಿ ನಿಂತು ಬೂತಾಯಿ ಮೀನು ಬಿಟ್ಟರು. ಬೂತಾಯಿ ಸಾರಿಲ್ಲದೆ ಗಂಜಿ ಗಂಟಲಲ್ಲಿ ಇಳಿಯದಿದ್ದ ಹೆಂಗಸು! ಪಕ್ಕದಲ್ಲಿ ಕಾರ್ಕಳಜ್ಜ ಕಣ್ಣು ಮುಚ್ಚಿ, ಇಡೀ ಸ್ನಾನಘಟ್ಟಕ್ಕೆ ಕೇಳುವಂತೆ, "ತಾಯೀ, ನನ್ನ ಪ್ರಾಣಕ್ಕಿಂತ ಪ್ರಿಯವಾದ ಹಾಗಲಕಾಯಿಯನ್ನು ಬಿಟ್ಟೆ" ಅಂದರು.

ಅಜ್ಜಿ ತಿರುಗಿ ನೋಡಿದರು. "ಹುಟ್ಟಿದ ಮೇಲೆ ನೀನು ಹಾಗಲಕಾಯಿ ತಿಂದದ್ದು ಯಾವಾಗ ಮಾರಾಯ?"

ತ್ಯಾಗದ ಮೇಲೆ ತ್ಯಾಗ

ರಾಮೇಶ್ವರದಲ್ಲಿ ಕಾರ್ಕಳಜ್ಜ ಸುವರ್ಣಗಡ್ಡೆ ಬಿಟ್ಟರು; ಅದು ಅವರಿಗೆ ನಾಲಗೆ ತುರಿಸುತ್ತಿತ್ತು. ದ್ವಾರಕೆಯಲ್ಲಿ ಬೀಡಿ ಬಿಟ್ಟರು, ಸೇದುತ್ತಿದ್ದದ್ದು ಸಿಗರೇಟು. ಊರಿಗೆ ಬಂದರೆ ನಮ್ಮ ಜಗಲಿಯಲ್ಲಿ ಕೂತು ತ್ಯಾಗದ ಬಗ್ಗೆ ಭಾಷಣ, ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಾ.

ಅಜ್ಜಿ ನನ್ನ ಕಿವಿಯಲ್ಲಿ ಹೇಳಿದರು: "ಇನ್ನೊಂದು ಕ್ಷೇತ್ರಕ್ಕೆ ಕರೆದುಕೊಂಡು ಹೋದರೆ ಇವನು ಉಪವಾಸವನ್ನೂ ಬಿಡುತ್ತಾನೆ."

ಮಣಿಪಾಲದಲ್ಲಿ

ಎಂಬತ್ತರ ದಶಕದಲ್ಲಿ ಅಜ್ಜಿ ಮಣಿಪಾಲದಲ್ಲಿ ಆಸ್ಪತ್ರೆ ಸೇರಿದರು. ಎಳೆಯ ಡಾಕ್ಟರೊಬ್ಬರು, "ಅಜ್ಜೀ, ಶಕ್ತಿ ಬರಬೇಕಾದರೆ ಬೂತಾಯಿ ತಿನ್ನಿ" ಅಂದರು.

"ನೀವು ಕಾಶಿಗೆ ಹೋಗಿದ್ದೀರಾ?"

"ಇಲ್ಲ."

"ಮೊದಲು ಹೋಗಿ ಬನ್ನಿ. ಮತ್ತೆ ನನ್ನ ಊಟದ ವಿಷಯ ಮಾತಾಡುವ."

ಎಲೆಗೆ ಬೀಳುವುದು

ಕೊನೆಗೆ ಅಜ್ಜಿಗಿದ್ದ ಚಿಂತೆ ಒಂದೇ: ಗಂಗೆಗೆ ಕೊಟ್ಟ ಮಾತು ಮುರಿಯದೆ ಹೋಗಬೇಕು. ಆಗಲೇ ಕಾರ್ಕಳಜ್ಜ ಹಾಸಿಗೆಯ ಬದಿಯಲ್ಲಿ ಕೂತು, "ಅಕ್ಕ, ಒಂದು ತುಂಡು ತಿನ್ನು. ದೇವರು ಎಂತ ನೋಡ್ತಾನಾ?" ಅಂದರು.

ತೀರಿಕೊಂಡವರಿಗೆ ಅವರ ಇಷ್ಟದ ಅಡಿಗೆಯನ್ನು ಬಾಳೆಎಲೆಯಲ್ಲಿ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಅಜ್ಜಿ ನಮ್ಮನ್ನೆಲ್ಲ ಹತ್ತಿರ ಕರೆದರು. "ಮಾತು ಕೊಟ್ಟದ್ದು ಜೀವ ಇರುವವರೆಗೆ. ಸತ್ತ ಮೇಲೆ ನನ್ನ ಎಲೆಗೆ ಬೂತಾಯಿ ಬಡಿಸಿ, ಖಾರ ಜೋರಿರಲಿ. ಇವನು ಹೋದಾಗ ಇವನ ಎಲೆಗೆ ಹಾಗಲಕಾಯಿ. ಪ್ರಾಣಕ್ಕಿಂತ ಪ್ರಿಯ ಅಂತ ಗಂಗೆಗೇ ಹೇಳಿದ್ದಾನೆ, ನಾನು ಸಾಕ್ಷಿ."

ಕಾರ್ಕಳಜ್ಜನ ಮುಖ ಬಿಳಿಚಿತು. "ಅಕ್ಕ, ಬದಿಗೆ ಒಂದು ಬಂಗುಡೆಯಾದರೂ..."

"ಬದಿಗೆ ಸುವರ್ಣಗಡ್ಡೆ ಉಂಟಲ್ಲ!"

ಅಜ್ಜಿ ಮಾತು ಮುರಿಯದೆ ಹೋದರು. ಅವರ ಎಲೆ ತುಂಬ ಬೂತಾಯಿ ಬಡಿಸಿದೆವು. ಅದನ್ನು ನೋಡುತ್ತಾ ಕಾರ್ಕಳಜ್ಜ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಹೋದ ದುಃಖ ಎಂದು ಊರವರು ಸಮಾಧಾನ ಮಾಡಿದರು. ಮರುವಾರವೇ ಕಾರ್ಕಳಜ್ಜ ಮತ್ತೆ ಕಾಶಿಗೆ ಹೊರಟರು, ಹಾಗಲಕಾಯಿಯನ್ನು ವಾಪಸು ತರಲಿಕ್ಕೆ.

ಕೇಳಿದ ನಿಮಗೆಲ್ಲ ದೇವರು ತುಂಬು ಆಯುಸ್ಸು ಕೊಡಲಿ. ಹೋದ ಮೇಲೆ ನಿಮ್ಮ ಎಲೆಗೆ ನಿಜವಾಗಿ ಇಷ್ಟದ್ದೇ ಬೀಳಲಿ.