ಎಡಗಣ್ಣಿನ ನೇರಳೆ ಮಾದರಿ

ಅಗ್ಗವೂ ದಿನಬಳಕೆಗೆ ಯೋಗ್ಯವೂ ಆದ ಐ ಶ್ಯಾಡೋ ಡಬ್ಬಿ ಯಾವುದು ಎಂಬ ಪ್ರಶ್ನೆಯನ್ನು ಮೊಳಕಾಲ್ಮೂರಿನ ನಮ್ಮ ರೇಷ್ಮೆ ಸೀರೆ ಸಹಕಾರ ಸಂಘವು 1998ರಲ್ಲಿ ಶಾಶ್ವತವಾಗಿ ಇತ್ಯರ್ಥಪಡಿಸಿದೆ. ಇತ್ಯರ್ಥವಾದದ್ದು ನನ್ನ ಕಣ್ಣರೆಪ್ಪೆಯ ಮೇಲಾದ್ದರಿಂದ ವರದಿಯನ್ನು ನಾನೇ ಬರೆಯತಕ್ಕದ್ದೆಂದು ತೀರ್ಮಾನವಾಯಿತು. ನಾನು ಸಂಘದ ಗುಮಾಸ್ತ ವಿಶ್ವನಾಥ್.

ಸಂಘದ ಅಧ್ಯಕ್ಷರಾದ ಮುರುಗೇಶ್ ಅವರು ಬೆಂಗಳೂರಿನ ಒಂದು ಸೀರೆ ಅಂಗಡಿಯಲ್ಲಿ ಎರಡು ಸಂಗತಿಗಳನ್ನು ಏಕಕಾಲಕ್ಕೆ ಗಮನಿಸಿದರು. ಸೀರೆ ತೋರಿಸುವ ಹೆಣ್ಣುಮಕ್ಕಳ ರೆಪ್ಪೆಯ ಮೇಲೆ ಬಣ್ಣವಿತ್ತು, ಅಂಗಡಿಯಲ್ಲಿ ವ್ಯಾಪಾರವಿತ್ತು. ನಮ್ಮ ಮಳಿಗೆಯಲ್ಲಿ ಎರಡನೆಯದು ಯಾಕಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ನಮ್ಮ ಮಳಿಗೆಯ ಪ್ರೇಮಲತಾ, "ಬಣ್ಣ ಬ್ಯಾಡ್ರಿ ಸಾರ್, ಕೆಟ್ಟಿರೋ ಫ್ಯಾನ್ ರಿಪೇರಿ ಮಾಡಿಸ್ರಿ. ಗಿರಾಕಿ ಒಂದೀಟು ಕುಂತ್ಕಂತಾರೆ" ಎಂದಳು. ಫ್ಯಾನು ಕಾರ್ಯಸೂಚಿಯಲ್ಲಿ ಇರಲಿಲ್ಲ.

ವಿಷಯ ಹೆಂಗಸರ ಅಲಂಕಾರಕ್ಕೆ ಸಂಬಂಧಪಟ್ಟದ್ದಾದ್ದರಿಂದ ಗಂಡಸರ ಸಮಿತಿಯೊಂದನ್ನು ರಚಿಸಲಾಯಿತು. ಏನೇ ಕೊಂಡರೂ ಮೂರು ಕಡೆಯಿಂದ ಮಾದರಿ ತರಿಸಬೇಕೆಂದು ನಿಯಮವಿದೆ. ಚಳ್ಳಕೆರೆಯಲ್ಲಿರುವ ಅಧ್ಯಕ್ಷರ ಭಾಮೈದನ ಮೆಡಿಕಲ್ ಶಾಪಿಗೆ ಮೂರು ಬಾಗಿಲುಗಳಿದ್ದು, ಬಾಗಿಲಿಗೊಂದರಂತೆ ಮೂರು ಡಬ್ಬಿ ಬಂದವು. ಮೊದಲನೆಯದರಲ್ಲಿ ಕನ್ನಡಿ ದೊಡ್ಡದು, ಬಣ್ಣ ಚಿಕ್ಕದು. ಎರಡನೆಯದರ ಮುಚ್ಚಳದ ಮೇಲೆ ಹನ್ನೆರಡು ಬಣ್ಣ ಎಂದು ಬರೆದಿತ್ತು, ಒಳಗೆ ಎಲ್ಲವೂ ಕಂದು. ಮೂರನೆಯದರಲ್ಲಿ ಬಹುಪಾಲು ನೇರಳೆ, ಬಾಗಿಲಿಗೆ ಹೊಡೆಯುವ ಪಾಲಿಶಿನ ವಾಸನೆ.

ಇವನ್ನು ಹೋಲಿಸುವುದು ಹೇಗೆ ಎಂದು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮಲ್ಲಿ ಬಣ್ಣವೆಂದರೆ ಸೀರೆಯ ಬಣ್ಣ, ಅದಕ್ಕೆ ತಲೆಮಾರಿನಿಂದ ಬಂದ ಪರೀಕ್ಷೆ ಉಂಟು. ನೀರಿಗೆ ಅದ್ದಬೇಕು, ಬಿಸಿಲಿಗೆ ಹಿಡಿಯಬೇಕು, ಬಿಳಿ ಬಟ್ಟೆಯಿಂದ ಉಜ್ಜಬೇಕು. ಬಿಡದೆ ನಿಂತದ್ದು ಪಕ್ಕಾ ಮಾಲು. ಬೇಕಾಗಿದ್ದುದು ರೆಪ್ಪೆ ಮಾತ್ರ. ಸಮಿತಿಯ ಮಿಕ್ಕವರೆಲ್ಲ ಸಂಸಾರಸ್ಥರು, ಮನೆಯಲ್ಲಿ ಉತ್ತರ ಹೇಳಬೇಕಾದವರು. ಮೂವತ್ತನಾಲ್ಕು ದಾಟಿಯೂ ಮದುವೆಯಾಗದ ನನ್ನ ರೆಪ್ಪೆಗಳು ಖಾಲಿ ಇವೆಯೆಂದು ಸರ್ವಾನುಮತದಿಂದ ಕಂಡುಬಂತು. ಸಂಘದಲ್ಲಿ ನನ್ನ ಹೆಸರು ಸರ್ವಾನುಮತದಿಂದ ಬಂದದ್ದು ಅದೇ ಮೊದಲು. ನಾನು ಉಬ್ಬಿಹೋದೆ.

ಮೊದಲನೆಯ ಡಬ್ಬಿಯ ಬಣ್ಣ ಒಂದು ಬೊಗಸೆ ನೀರಿಗೇ ಹೋಯಿತು. "ಮುಖ ತೊಳೆದ್ರೆ ಹೋಗ್ಬೇಕಲ್ರೀ ಅದು" ಎಂದು ಪ್ರೇಮಲತಾ ನಡುವೆ ಬಾಯಿ ಹಾಕಿದಳು. ಆಕೆ ಸಮಿತಿಯ ಸದಸ್ಯಳಲ್ಲವಾದ್ದರಿಂದ ಡಬ್ಬಿಯನ್ನು ಬಣ್ಣ ಬಿಡುವ ಮಾಲೆಂದು ತಿರಸ್ಕರಿಸಲಾಯಿತು. ಎರಡನೆಯದು ಬಿಸಿಲಿಗೆ ಪುಡಿಯಾಗಿ ಮೀಸೆಯ ಮೇಲೆ ಉದುರಿತು. ಮೂರನೆಯದನ್ನು ಎಡಗಣ್ಣಿಗೆ ಹಚ್ಚಿದರು. ನೀರಿಗೆ ಜಗ್ಗಲಿಲ್ಲ, ಬಿಸಿಲಿಗೆ ಬಗ್ಗಲಿಲ್ಲ, ಉಜ್ಜಿದ್ದಕ್ಕೆ ಬಟ್ಟೆ ಹರಿಯಿತೇ ಹೊರತು ನೇರಳೆ ಕದಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೇ ಕಣ್ಣಲ್ಲಿ ನೀರು ಸುರಿಸುತ್ತ ನಾನೂ ತಟ್ಟಿದೆ.

ತೊಂದರೆ ಏನೆಂದರೆ, ಬರುವ ಭಾನುವಾರ ಚಳ್ಳಕೆರೆಯಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಎಣ್ಣೆ ಮಿಲ್ಲಿನ ಕೊಟ್ಟೂರಪ್ಪನವರ ಮಗಳು ತ್ರಿವೇಣಿ. ಆಕೆಯನ್ನು ನಾಯಕನಹಟ್ಟಿ ಬಸ್ ನಿಲ್ದಾಣದಲ್ಲಿ ಒಮ್ಮೆ ಕಂಡಿದ್ದೆ. ಮುದುಕಿಯೊಬ್ಬಳನ್ನು ಬಿಟ್ಟು ಹೊರಟ ಬಸ್ಸಿಗೆ ಅಡ್ಡ ನಿಂತು ಕಂಡಕ್ಟರನ ನೀರಿಳಿಸುತ್ತಿದ್ದಳು. ಆವತ್ತಿನಿಂದ ನನಗೆ ಬೇರೆ ಹೆಣ್ಣು ಬೇಡವಾಗಿತ್ತು. ಇದನ್ನು ವರದಿಯಲ್ಲಿ ಬರೆಯಬಾರದು, ಆದರೂ ಬರೆದಿದ್ದೇನೆ.

"ಸಾರ್, ಭಾನುವಾರದೊಳಗೆ ಇದನ್ನ ಅಳಿಸ್ಬೋದಾ?" ಎಂದು ಅಧ್ಯಕ್ಷರನ್ನು ಕೇಳಿದೆ.

"ಸರ್ವಸದಸ್ಯರ ಸಭೆ ನೋಡೋ ತನಕ ಅದು ಸಂಘದ ಸ್ವತ್ತು ಕಣಯ್ಯ. ಕಣ್ಣು ನಿಂದು, ಬಣ್ಣ ನಮ್ದು" ಎಂದರು.

ನಿಯಮಕ್ಕೆ ತಲೆಬಾಗಿ, ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಬಟ್ಟೆ ಸೋಪಿನಿಂದ ತಿಕ್ಕಿದೆ. ಹೋಗಲಿಲ್ಲ. ಅವ್ವ ನೋಡಿ, "ಹೆಣ್ಣು ಕೊಡೋರು ಬಲಗಡೆ ಕುಂತ್ರೆ ನಿನ್ ಪುಣ್ಯ" ಎಂದಳು.

ಅವರು ಎಡಗಡೆ ಕೂತರು. ಮಂಡಕ್ಕಿ ತಟ್ಟೆ ಮುಂದಿಟ್ಟು ಕೊಟ್ಟೂರಪ್ಪನವರು ಮೆಲ್ಲಗೆ, "ಏನಪ್ಪ, ಕಣ್ಣಿಗೆ ಯಾರಾದ್ರೂ ಗುದ್ದಿದ್ರಾ?" ಎಂದರು.

"ಇಲ್ರಿ. ತುಲನಾತ್ಮಕ ಪರೀಕ್ಷೆ" ಎಂದು ಮೊದಲಿನಿಂದ ಎಲ್ಲವನ್ನೂ ವಿವರಿಸಿದೆ. ನನ್ನ ಮದುವೆ ಮುರಿಯುತ್ತಿರುವುದು ನನ್ನದೇ ಕಿವಿಗೆ ಕೇಳಿಸುತ್ತಿತ್ತು. ತ್ರಿವೇಣಿ ಎದ್ದು ಒಳಗೆ ಹೋದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಕೆ ಹತ್ತಿಯನ್ನು ಕಡ್ಲೆಕಾಯಿ ಎಣ್ಣೆಯಲ್ಲಿ ಅದ್ದಿಕೊಂಡು ಬಂದು, "ಕಣ್ಮುಚ್ರಿ" ಎಂದಳು. ಒಂದೇ ಸಲಕ್ಕೆ ಒರೆಸಿದಳು. ನೇರಳೆಯೆಲ್ಲ ಹತ್ತಿಗೆ ಬಂತು.

"ಎಣ್ಣೆಗೆ ಹೋಗದಿರೋ ಬಣ್ಣ ಐತೇನ್ರಿ? ನಿಮ್ ಸಂಘದಲ್ಲಿ ಒಬ್ರಿಗೂ ಇದು ಗೊತ್ತಿಲ್ವಾ?"

"ಎಣ್ಣೆ ನಿಯಮದಲ್ಲಿಲ್ಲ" ಎಂದೆ.

ತ್ರಿವೇಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪ, ಇವರೇ ಆಗ್ಲಿ. ಸುಳ್ಳು ಹೇಳಾಕೆ ಬರಂಗಿಲ್ಲ ಇವರಿಗೆ" ಎಂದಳು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸೋಮವಾರ ಅಧ್ಯಕ್ಷರು ನನ್ನ ಬರಿಗಣ್ಣು ನೋಡಿ, ನನ್ನಿಂದ ಎಣ್ಣೆಯ ಸಂಗತಿ ಕೇಳಿ ಕುರ್ಚಿಯಲ್ಲಿ ಕುಸಿದರು. ಭಾಮೈದನಿಂದ ಡಬ್ಬಿಗಳು ಆಗಲೇ ಲಾರಿಯಲ್ಲಿ ಬಂದಿದ್ದವು. ಮಧ್ಯಾಹ್ನವೇ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: "ಚಳ್ಳಕೆರೆಯ ಎಣ್ಣೆಯು ಸಂಘದ ವ್ಯಾಪ್ತಿಗೆ ಒಳಪಡದ ಕಾರಣ ಸದರಿ ಬಣ್ಣವು ಪಕ್ಕಾ ಎಂದೇ ಭಾವಿಸತಕ್ಕದ್ದು. ಗುಮಾಸ್ತರು ಮಾದರಿಯನ್ನು ಪುನಃ ಧರಿಸಿ, ಸಭೆಯವರೆಗೆ ರಜಾದಿನಗಳೂ ಸೇರಿದಂತೆ ಕಾಪಾಡತಕ್ಕದ್ದು." ಕೋರಂ ಆಗದೆ ಸಭೆ ಮುಂದಕ್ಕೆ ಹೋಯಿತು. ಆಮೇಲೆ ಮುಂದಕ್ಕೆ ಹೋಗುವುದೇ ಅದರ ಪದ್ಧತಿಯಾಯಿತು. ಹೀಗಾಗಿ ನಾನು ಎಡಗಣ್ಣಿಗೆ ನೇರಳೆ ಹಚ್ಚಿಕೊಂಡೇ ಹಸೆಮಣೆ ಏರಿದೆ.

ತ್ರಿವೇಣಿಯ ಸೋದರತ್ತೆ ಹುಚ್ಚಕ್ಕ ನನ್ನನ್ನು ದಿಟ್ಟಿಸಿ, "ಗಂಡಿಗೆ ಒಂದೇ ಕಣ್ಣಿಗೆ ಹಚ್ಚೋದು ಅಶುಭ, ಜೋಡಿ ಆಗ್ಬೇಕು" ಎಂದು ಹಟ ಹಿಡಿದಳು. ಊಟದ ಮನೆಯಲ್ಲಿ ಸಮಿತಿ ತುರ್ತಾಗಿ ಸೇರಿ ಬಲಗಣ್ಣಿಗೂ ಮಂಜೂರಾತಿ ಕೊಟ್ಟಿತು. ಆಗ ತ್ರಿವೇಣಿ, "ನಂಗೂ ಹಚ್ರಿ. ಫೋಟೋದಾಗೆ ಇವರೊಬ್ರೇ ಚಂದ ಕಾಣೋದು ಬ್ಯಾಡ" ಎಂದಳು.

ಅಧ್ಯಕ್ಷರು ಗಂಭೀರರಾದರು. "ನೌಕರರಲ್ಲದವರಿಗೆ ಅವಕಾಶ ಇಲ್ಲಮ್ಮ."

"ನೌಕರರ ಹೆಂಡ್ತಿಗೆ?"

"ಅವಲಂಬಿತರಿಗೆ ಐತೆ. ಆದ್ರೆ ನೀನಿನ್ನೂ ಅವಲಂಬಿತೆ ಆಗಿಲ್ವಲ್ಲ."

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಎಲ್ಲರೂ ಮದುವೆ ಮಾಡಿಸುವ ಅಯ್ಯನವರ ಮುಖ ನೋಡಿದರು. ಅವರು ಸ್ವಲ್ಪ ಯೋಚಿಸಿ, "ನಿಯಮ ಅಂದ್ಮೇಲೆ ನಿಯಮ" ಎಂದು ವಾಲಗದವರಿಗೆ ಕೈ ಸನ್ನೆ ಮಾಡಿದರು. ನಾನು ತಾಳಿ ಕಟ್ಟಿದೆ. ಅರ್ಹತೆ ಪಡೆದ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು, ಅಧ್ಯಕ್ಷರು ಡಬ್ಬಿ ತೆರೆದರು. ಜನ ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು, ಎರಡೂ ರೆಪ್ಪೆ ಮುಗಿಯುವವರೆಗೆ ಸಮಾಧಾನವಾಗಿ ಕಾದರು.