ಮೂಕ ಮದವಿಗೆ ಬಾಯಿ ಬಂದದ್ದು

ರಬಕವಿಯ ರಾಮಲಿಂಗಪ್ಪನ ಮನಿಗೆ ಟಿವಿ ಬಂದು ಹದಿನಾಕು ವರ್ಷ ಆಗಿತ್ತು, ಆದ್ರ ಅದು ಏನು ಮಾತಾಡ್ತೈತಿ ಅನ್ನೂದು ಆ ಮನ್ಯಾಗ ಒಬ್ಬರಿಗೂ ಗೊತ್ತಿರಲಿಲ್ಲ. ಪಡಸಾಲಿಗೆ ಒಂದು ಗ್ವಾಡಿ, ಗ್ವಾಡಿ ಆಚೆ ನಾಕು ಪಾವರ್‌ಲೂಮ್ ಮಗ್ಗ, ಅವನ್ನ ನಡಸೂ ಕೂಲಿ ನೇಕಾರರು. ಮುಂಜಾನೆ ಖಟಾಪಟಾ ಅಂತ ಶುರು ಆದ್ರ ಕರೆಂಟ್ ಹೋಗೂತನಾ ಬಿಡತಿರಲಿಲ್ಲ. ಹಿಂಗಾಗಿ ಧಾರಾವಾಹಿಯೊಳಗ ಅತ್ತಿ ಯಾರು, ಸೊಸಿ ಯಾರು ಅನ್ನೂದನ್ನ ಮಾರಿ ನೋಡೇ ತೀರ್ಮಾನ ಮಾಡಬೇಕಾಗ್ತಿತ್ತು. (ಬಂಗಾರ ಹೇರಿಕೊಂಡು ಕಣ್ಣು ತಿರುವಿದಾಕಿ ಅತ್ತಿ. ಈ ಲೆಕ್ಕದಾಗ ರಾಮಲಿಂಗಪ್ಪನ ಹೆಂಡತಿ ಸಾವಕ್ಕ ಒಮ್ಮೆನೂ ತಪ್ಪಿರಲಿಲ್ಲ.)

ಇಷ್ಟು ವರ್ಷ ಇದರಿಂದ ಯಾರದೂ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಹೋದ ಶ್ರಾವಣದಾಗ. ಮಗಳು ಸ್ನೇಹಾನ ಮದವಿ ಸಿಡಿ ನೋಡಾಕ ಸಮೀರವಾಡಿಯಿಂದ ಬೀಗ ಬಸಗೊಂಡಪ್ಪ, ಬೀಗತಿ ಹೊಳೆವ್ವ ಬಂದಿದ್ರು. ಬಸಗೊಂಡಪ್ಪ ಸಕ್ಕರಿ ಫ್ಯಾಕ್ಟರ್ಯಾಗ ತೂಕದ ಕಾಟಾದ ಮ್ಯಾಲಿನ ನೌಕರಿಯವ, ಮಾತೂ ಹಂಗ ತೂಗಿ ಆಡಾವ. ಅರ್ಧಾ ತಾಸು ಸುಮ್ಮನ ನೋಡಿ, "ಮದವಿ ಛಲೋ ಆಗೇತಿ ಬೀಗರ, ಆದ್ರ ಮೂಕ ಮದವಿ," ಅಂದು ಟೊಪ್ಪಿಗಿ ಹಾಕ್ಕೊಂಡು ಬಸ್ಸಿಗೆ ಹೋಗಿಬಿಟ್ಟ.

ಆ ಒಂದು ಮಾತು ರಾಮಲಿಂಗಪ್ಪನ ಹೊಟ್ಟ್ಯಾಗ ಮುಳ್ಳಿನಂಗ ಕುಂತಿತು. "ಮುಂದಿನ ಸಲ ಬೀಗರು ಬಂದಾಗ ನಾಕೂ ಮಗ್ಗ ನಡೀತಿರಬೇಕು, ಅದರ ಮ್ಯಾಲೆ ನನ್ನ ಮಗಳ ಮದವಿ ಕೇಳಸಬೇಕು. ಕೇಳಸಲಿಲ್ಲ ಅಂದ್ರ ನಾ ಅವರ ಮುಂದ ಮಾರಿ ಎತ್ತಂಗಿಲ್ಲ," ಅಂತ ಪಡಸಾಲ್ಯಾಗ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

ಸಾವಕ್ಕ ಕಂಡಕಿ ಸುತ್ತಾಕತ್ತಿದ್ಲು. (ಲಾಳಿಯೊಳಗ ಕೂಡೂ ಸಣ್ಣ ಕಡ್ಡಿಗೆ ನೂಲು ಸುತ್ತೂದು, ಮೂವತ್ತು ವರ್ಷದಿಂದ ಆಕಿ ಕೆಲಸ.) ತಲಿ ಎತ್ತದ, "ಒಂದು ತಾಸು ಮಗ್ಗ ಬಂದ್ ಮಾಡಿದ್ರ ಆತಲ್ರಿ?" ಅಂದ್ಲು. ಅಷ್ಟರಾಗ ರಾಮಲಿಂಗಪ್ಪ ಜಮಖಂಡಿಗೆ ಹೋಗೂ ಬಸ್ಸಿನ ಹೊತ್ತು ಕೇಳಾಕ ಹೊರಗ ಬಿದ್ದಿದ್ದ.

ಅಂತೂ ಜಮಖಂಡಿಯಿಂದ ಹೋಮ್ ಥೇಟರ್ ಬಂತು. ಒಂದು ದೊಡ್ಡ ಕರೇ ಡಬ್ಬಿ, ಐದು ಸಣ್ಣ ಸ್ಪೀಕರು, ಒಂದು ಡೊಳ್ಳಿನಂಥಾ ದಪ್ಪ ಸ್ಪೀಕರು. ಅಂಗಡಿಯವ, "ಸೋಮವಾರ ನಮ್ಮ ಹುಡುಗ ಬಂದು ಜೋಡಿಸಿ ಕೊಡ್ತಾನ," ಅಂದಿದ್ದ. ರಾಮಲಿಂಗಪ್ಪಗ ಸಿಟ್ಟು ಬಂತು. ಬೀಗರು ಬರೂದು ಐತವಾರ ನಾಕು ಗಂಟೆಗೆ, ಅದು ಒಂದು ಕಾರಣ. ಎರಡನೇದು, ಮೂರು ಸಾವಿರ ಎಳಿ ಕೈಯಿಂದ ಜೋಡಸಾವಗ ಹತ್ತು-ಹನ್ನೆರಡು ವೈರ್ ಜೋಡಸಾಕ ಹುಡುಗನ್ನ ಕಳಸ್ತೇನಿ ಅಂದ್ರ ಅದೆಂಥಾ ಮಾತು?

ಇದರಾಗ ಒಣ ಜಂಬ ಇರಲಿಲ್ಲ. ಮಗ್ಗದಾಗ ಉದ್ದಕ್ಕ ಹಾಯ್ದ ಎಳಿಗಳ ಹಳೇ ಹಾಸು ತೀರಿತಂದ್ರ, ಅದರ ಒಂದೊಂದು ಎಳಿ ತುದಿಗೆ ಹೊಸ ಹಾಸಿನ ಒಂದೊಂದು ಎಳಿ ಹೊಸೆದು ಕೂಡಸಬೇಕು. ಅದಕ್ಕ ಕೆಚ್ಚೂದು ಅಂತಾರ. ಆ ಕೆಲಸದಾಗ ರಬಕವಿಯೊಳಗ ರಾಮಲಿಂಗಪ್ಪನ ಬೆರಳಿಗೆ ಸಮ ಇನ್ನೊಂದು ಬೆರಳಿರಲಿಲ್ಲ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ, ಅಂಚಿಗೆ ಅಂಚು. ಸಮಕ್ಕ ಸಮ ಕೂಡಸಬೇಕು ಅನ್ನೂದು ಅವನ ಪಾಲಿಗೆ ವೇದವಾಕ್ಯ.

ಐತವಾರ ಮಧ್ಯಾಹ್ನ ಉಂಡ ಕೂಡಲೇ ಚಾಪಿ ಹಾಸಿ, ಚಷ್ಮಾ ಏರಿಸಿ ಕುಂತ. ಟಿವಿ, ಡಿಶ್ ಡಬ್ಬಿ, ಸಿಡಿ ಪ್ಲೇಯರು, ಹೋಮ್ ಥೇಟರು, ನಾಕನ್ನೂ ಬೆನ್ನು ತಿರುವಿ ಇಟ್ಟ. ಥೇಟರಿನ ಜೋಡಿ ಬಂದ ಪುಸ್ತಕದಾಗ ಹನ್ನೊಂದು ಭಾಷೆ ಇದ್ದುವು, ಕನ್ನಡ ಇರಲಿಲ್ಲ. ಹೋಮ್ ಥೇಟರಿನ ಬೆನ್ನ ಮ್ಯಾಲೆ ಮೂವತ್ತೆರಡು ತೂತು ಇದ್ದುವು. ರಾಮಲಿಂಗಪ್ಪ ಹೆದರಲಿಲ್ಲ. ವೈರಿನ ತುದಿ ಕೆಂಪು, ತೂತು ಕೆಂಪು. ವೈರ್ ಬಿಳಿ, ತೂತು ಬಿಳಿ. ತೂತಿನ ಮ್ಯಾಲೆ 'ಇನ್', 'ಔಟ್' ಅಂತ ಬರದಿತ್ತು. ಸಮಕ್ಕ ಸಮ. ಸಿಡಿ ಪ್ಲೇಯರಿನ ಔಟಿಗೆ ಥೇಟರಿನ ಔಟ್ ಕೂಡಿಸಿದ. ಟಿವಿ ಇನ್ನಿಗೆ ಥೇಟರಿನ ಇನ್ ಕೂಡಿಸಿದ. ಚಿತ್ರದ ಹಳದಿ ವೈರ್ ಮೊದಲಿಂದನ ಟಿವಿಗೆ ಇತ್ತು, ಅದನ್ನ ಮುಟ್ಟಲಿಲ್ಲ. ನೋಡಾಕ ಒಂದು ಎಳಿ ಹೆಚ್ಚಿಲ್ಲ, ಒಂದು ಕಡಿಮಿಲ್ಲ. ಸಿಡಿ ಹಾಕಿ ಬಟನ್ ಒತ್ತಿದ.

ಚಿತ್ರ ಬಂತು. ಥೇಟರಿನ ದೀಪ ನೀಲಿಯಾಗಿ ಉರೀತು. ಆರೂ ಸ್ಪೀಕರು ಗಪ್‌ಚಿಪ್ ಕುಂತುವು.

ದನಿಯ ವೈರ್ ಎಲ್ಲಾ ಬಿಚ್ಚಿ ಮತ್ತ ಜೋಡಿಸಿದ. ಈ ಸಲ ದನಿ ಬಂತು, ಆದ್ರ ಟಿವಿಯೊಳಗಿಂದ, ಅದೂ ಡಿಶ್ಶಿಂದು. ಪರದೆ ಮ್ಯಾಲೆ ಅಳಿಯ ಮಾಂತೇಶ ತಾಳಿ ಕಟ್ಟಾಕತ್ತಿದ್ದ, ಒಬ್ಬ ಶಾಣ್ಯಾ ಮನಶಾ ಕಬ್ಬಿನ ಬೇರಿಗೆ ಹತ್ತೂ ಗೊಣ್ಣಿಹುಳಕ್ಕ ಏನು ಔಷಧ ಹೊಡೀಬೇಕು ಅಂತ ಹೇಳಾಕತ್ತಿದ್ದ. ಮೂರನೇ ಸಲ ಬರೇ 'ಗುಂಯ್' ಅಂತು. ನಾಕನೇ ಸಲ ಅದೂ ಇಲ್ಲ. ಗಡಿಯಾರ ಮೂರೂವರಿ ತೋರಸ್ತು. ಅಂಗಿ ಬೆವತು ಬೆನ್ನಿಗೆ ಹತ್ತಿತ್ತು, ಕೆಂಪ್ಯಾವುದು ಬಿಳಿ ಯಾವುದು ಅನ್ನೂದೂ ಈಗ ಅವನಿಗೆ ಸಂಶಯ. ಇನ್ನ ಅರ್ಧಾ ತಾಸಿಗೆ ಬಸಗೊಂಡಪ್ಪ ಬಂದು ಅದೇ ಖುರ್ಚಿ ಮ್ಯಾಲೆ ಕುಂತು ಅದೇ ಮಾತು ಅಂತಾನ ಅಂತ ನೆನಸಿ ರಾಮಲಿಂಗಪ್ಪಗ ಅಳು ಬರೂದೊಂದ ಬಾಕಿ.

"ಅಂಗಡಿಯವ ಕೆಟ್ಟ ಮಾಲು ಕೊಟ್ಟಾನ," ಅಂದ.

ಹೋಳಿಗಿ ಹಂಚು ಇಳಿಸಿ ಬಂದ ಸಾವಕ್ಕ ಸೆರಗಿನಿಂದ ಕೈ ಒರಿಸಿಕೋತ ಬಗ್ಗಿ ನೋಡಿದ್ಲು. "ಇದ್ಯಾಕ್ರಿ, ಹೊರಗಿನ ಬಾಯಿಗೆ ಹೊರಗಿನ ಬಾಯಿ ಹಚ್ಚೀರಿ?"

"ಸಮಕ್ಕ ಸಮ ಕೂಡಸಬೇಕ ಬೇ. ನಿನಗೇನು ತಿಳೀತೈತಿ ಕೆಚ್ಚೂದು?"

"ಕೆಚ್ಚೂದು ನನಗ ತಿಳಿಯೂದಿಲ್ಲ. ಸುತ್ತೂದು ತಿಳೀತೈತಿ. ನೂಲು ಉಂಡಿಯಿಂದ ಹೊರಗ ಬರ್ತೈತಿ, ಕಂಡಕಿಗೆ ಹೋಗಿ ಕೂಡ್ತೈತಿ. ಎರಡೂ ಕಡೆಯಿಂದ ಹೊರಗ ಹೊರಗ ಅಂದ್ರ ಒಳಗ ತಗೊಳ್ಳಾವ್ರ್ಯಾರು?"

ಹಿಂಗ ಅಂದು ಎರಡು ವೈರ್ ಕಿತ್ತಿ, ಸಿಡಿ ಪ್ಲೇಯರಿನ ಔಟಿನಿಂದ ತಂದು ಥೇಟರಿನ ಇನ್ನಿಗೆ ಚುಚ್ಚಿದ್ಲು. ಪಡಸಾಲ್ಯಾಗ ಶಹನಾಯಿ ಎದ್ದಿತು. ಗೂಟಕ್ಕ ಹಾಕಿದ್ದ ಅಂಗಿ ಅಲಗಾಡಿತು, ನಾಕು ಮಗ್ಗದ ಸಪ್ಪಳ ಎಲ್ಲಿ ಹೋತೋ ಏನೋ. ಸಾವಕ್ಕ ಹೋಳಿಗಿ ಮುಚ್ಚಾಕ ಹೋದ್ಲು. ರಾಮಲಿಂಗಪ್ಪ ಆಕಿ ಹೋದ ದಿಕ್ಕಿಗೆ ಒಂದು ಗಳಿಗಿ ನೋಡಿ, "ನಾನೂ ಈಗ ಅದನ್ನ ಮಾಡಾವಿದ್ದೆ," ಅಂತ ಸ್ಪೀಕರಿಗೆ ಹೇಳಿದ.

ನಾಕಕ್ಕ ಬೀಗರು ಬಂದ್ರು. ತಾಟಿನ್ಯಾಗ ಹೋಳಿಗಿ, ತುಪ್ಪ. "ಮಗ್ಗ ಬಂದ್ ಮಾಡಬ್ಯಾಡ್ರೋ, ನಡೀಲಿ," ಅಂತ ರಾಮಲಿಂಗಪ್ಪ ಬೀಗರಿಗೆ ಕೇಳೂ ಹಂಗ ಒದರಿ, ದನಿಯ ಗುಂಡಿ ಪೂರ್ತಿ ತಿರುವಿದ. ಮಂಗಳಾಷ್ಟಕ ಗುಡುಗಿತು. ಹೊಳೆವ್ವ ಕಣ್ಣೀರು ಒರಿಸಿಕೊಂಡ್ಲು. ಬಸಗೊಂಡಪ್ಪ ತಲಿದೂಗಿ, "ಖರೇನೂ ಭಾರಿ ಆತು ಬೀಗರ. ಈಗ ಮದವಿಗೆ ಬಾಯಿ ಬಂತು," ಅಂದ. ಈ ಒಂದು ಮಾತಿಗೇ ರಾಮಲಿಂಗಪ್ಪ ನಾಕು ತಿಂಗಳು ಕಾದಿದ್ದ. ಅವನ ಎದಿ ಉಬ್ಬಿ ಬಂತು.

ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಬಂತು. ವಿಡಿಯೋದವ ಉಳಿದ ಕಡೆ ಎಲ್ಲಾ ಹಾಡು ತುಂಬಿದ್ದ, ಇಲ್ಲಿ ಮಾತ್ರ ಇದ್ದ ದನಿ ಇದ್ದಂಗ ಬಿಟ್ಟಿದ್ದ. ಪರದೆ ತುಂಬಾ ಬಸಗೊಂಡಪ್ಪ ಉಣ್ಣಾಕತ್ತಿದ್ದ. ಕ್ಯಾಮೆರಾದ ಹಿಂದ ಯಾರೋ ಬಾಜೂಮನಿ ಶಿವಯೋಗೆಪ್ಪಗ ಹೇಳಾಕತ್ತಿದ್ರು. ಆ ದನಿ ಆರೂ ಸ್ಪೀಕರಿನ್ಯಾಗ ಬಂತು:

"ನೋಡಪಾ ಶಿವಯೋಗೆಪ್ಪ, ನಮ್ಮ ಬೀಗ ಏಳನೇ ಹೋಳಿಗಿಗೆ ಕೈ ಹಾಕಿದ. ಸಕ್ಕರಿ ಫ್ಯಾಕ್ಟರ್ಯಾಗ ಇದ್ದೂ ಸಿಹಿ ಕಂಡಿಲ್ಲೇನು ಈ ಮನಶಾ? ನಾವು ಹೆಣ್ಣು ಕೊಟ್ಟೇವೋ, ಟ್ರಾಕ್ಟರಿಗೆ ಕಬ್ಬು ತುಂಬಾಕತ್ತೇವೋ ತಿಳಿವಲ್ದು."

ದನಿ ರಾಮಲಿಂಗಪ್ಪಂದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಗ್ವಾಡಿ ಆಚೆ ಒಂದು ಮಗ್ಗ ನಿಂತಿತು. ಹಿಂದ ಎರಡನೇದು ನಿಂತಿತು. ನಾಕೂ ನಿಂತುವು.

ಮಧ್ಯಾಹ್ನದಿಂದ ಯಾವ ವೈರ್ ಯಾವುದಕ್ಕ ಅಂತ ತಿಳಿಯದಿದ್ದ ರಾಮಲಿಂಗಪ್ಪಗ ಈಗ ದನಿ ತರೂ ವೈರ್ ಯಾವುದು ಅಂತ ತಟ್ಟನ ತಿಳೀತು. ಹಾರಿ ಹೋಗಿ ಒಂದ ಜಗ್ಗಿಗೆ ಕಿತ್ತಿದ. ಆ ಮನ್ಯಾಗ ಹದಿನಾಕು ವರ್ಷದಾಗ ಮೊದಲನೇ ಸಲ ಕರೆಂಟ್ ಇದ್ದಾಗ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಸಾವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡಗಿಮನಿ ಕಡೆ ತಿರುಗಿದ್ಲು.

ಬಸಗೊಂಡಪ್ಪ ಕೈಯಾಗಿನ ಹೋಳಿಗಿಯನ್ನ ಸಾವಕಾಶ ತಾಟಿಗೆ ಇಟ್ಟು, ತೂಗಿ ತೂಗಿ ಅಂದ: "ಬೀಗರ, ವೈರ್ ಹಚ್ಚಿ ಸಿಡಿ ಒಂದೀಟು ಹಿಂದ ತಿರುವ್ರಿ. ಆರನೇದು ಅಂದ್ರೋ ಏಳನೇದು ಅಂದ್ರೋ, ನನಗ ಸರಿ ಕೇಳಸಲಿಲ್ಲ."

ರಾಮಲಿಂಗಪ್ಪ ಬಾಯಿ ತಗೀಬೇಕು ಅನ್ನೂದರಾಗ ಗ್ವಾಡಿ ಆಚೆಯಿಂದ ಒಬ್ಬ ನೇಕಾರ ಒದರಿದ:

"ಏಳನೇದು ಅಂದಾರ್ರಿ. ನಮಗ ಇಲ್ಲಿತನಾ ಸ್ವಚ್ಛ ಕೇಳಸ್ತು."